ಹಿಟ್ಟಿನ ಹಡಗು ಮತ್ತು ಹತ್ತೆಂಟು ಗುಮಾನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಸೋದರತ್ತೆಯ ಮಗನ ಮದುವೆಯ ಮಾತಿಗೆ ಕಲ್ಲು ಹಾಕಿದವನು ನಾನೇ. ಒಂದಲ್ಲ, ಎರಡು ಕಲ್ಲು. ಮೊದಲನೆಯದು ಗೊತ್ತಿಲ್ಲದೆ ಬಿದ್ದದ್ದು. ಎರಡನೆಯದು, ಮೊದಲನೆಯದನ್ನು ಎತ್ತಿ ಆಚೆ ಇಡುತ್ತೇನೆಂದು ಹೋಗಿ ಕೈಯಾರೆ ಹಾಕಿದ್ದು. ಅದೇ ದೊಡ್ಡದಾಗಿತ್ತು.

ಸಿಂದಗಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ. ಆದರೆ ಊರು ನನ್ನನ್ನು ಗುರುತಿಸುವುದು ಆ ಕೆಲಸದಿಂದಲ್ಲ. ಕಂಡವರ ಧ್ವನಿ ತೆಗೆಯುವವನೆಂದು. ಗಣಪತಿ ಕೂರಿಸಿದ ದಿನಗಳಲ್ಲಿ ನನಗೆ ಅಂಗಡಿ ತೆರೆಯಲು ಪುರುಸೊತ್ತೇ ಇರುವುದಿಲ್ಲ. ಸೀಟಿ ಊದುವ ಮುಂಚಿನ ಕಂಡಕ್ಟರನ ಗೊಣಗಾಟ, ‘ಸಾಹೇಬರು ಇಲ್ಲ’ ಎನ್ನುವ ಮುಂಚಿನ ಗುಮಾಸ್ತನ ಕೆಮ್ಮು, ಟೀವಿಯಲ್ಲಿ ಸುದ್ದಿ ಓದುವವರ ಚೀರಾಟ, ಎಲ್ಲವೂ ನನ್ನ ಗಂಟಲಲ್ಲಿವೆ. ನನ್ನದೇ ಧ್ವನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಫೋನ್ ಮಾಡಿದರೆ ನನ್ನ ಅವ್ವ ಮೊದಲು ಕೇಳುವುದೇ, “ಇದು ನೀನೋ, ಯಾರದರ ನಕಲೋ?” ಎಂದು.

ಅತ್ತೆಯ ಮಗ ಕನ್ನೊಳ್ಳಿಯವನು, ನನಗಿಂತ ನಾಲ್ಕು ವರ್ಷ ದೊಡ್ಡವನು, ಸಂಬಂಧದಲ್ಲಿ ನನಗೆ ಭಾವ. ಶಾಲೆಯಲ್ಲಿ ನಾನು ಮಾಸ್ತರರ ನಕಲು ಮಾಡಿ ಬೆಂಚಿನ ಮೇಲೆ ನಿಲ್ಲುತ್ತಿದ್ದಾಗ ಅವನು ಲೆಕ್ಕದಲ್ಲಿ ಮೊದಲನೆಯವನಾಗಿ ನನ್ನ ಬಾಳನ್ನು ನರಕ ಮಾಡಿದ. “ಅವನ್ನ ನೋಡಿ ಕಲಿ” ಎಂಬ ಮಾತನ್ನು ನಾನು ಕೇಳಿದಷ್ಟು ಸಲ ಯಾರೂ ಕೇಳಿರಲಾರರು. ಆಮೇಲೆ ಅವನು ನೌಕಾಪಡೆ ಸೇರಿದ. ನಮ್ಮ ಕಡೆಯವರಿಗೆ ನೀರೆಂದರೆ ಭೀಮೆ, ಕೃಷ್ಣೆ; ಬಹಳವಾದರೆ ಆಲಮಟ್ಟಿಯ ಹಿನ್ನೀರು. ಅದಕ್ಕಿಂತ ದೊಡ್ಡ ನೀರು ಇರುವುದು ಟೀವಿಯಲ್ಲಿ. ಹಾಗಾಗಿ ಮೊದಲ ರಜೆಗೆ ಅವನು ಬಂದಾಗ ಕಟ್ಟೆಯ ಮೇಲಿನವರೆಲ್ಲ ಎದ್ದು ಜಾಗ ಕೊಟ್ಟರು.

“ನಿಮ್ಮ ಹಡಗಿಗೆ ಎಷ್ಟು ತೋಪು ಅದಾವಪಾ?” ಎಂದು ಹಿರಿಯರೊಬ್ಬರು ಕೇಳಿದರು.

“ಎರಡ್ಮೂರು ಸಣ್ಣಾವು ಅದಾವ್ರಿ. ನಮ್ಮದು ಸಾಮಾನು ಒಯ್ಯೂ ಹಡಗು.”

“ಎಂಥಾ ಸಾಮಾನು?”

“ಡೀಸೆಲ್, ಕುಡಿಯೂ ನೀರು, ಹಿಟ್ಟು, ಬ್ಯಾಳಿ, ಉಳ್ಳಾಗಡ್ಡಿ, ಬಟಾಟಿ. ಮತ್ತ ಒಂದಿಷ್ಟು ಪೆಟ್ಟಿಗಿ.”

“ಪೆಟ್ಟಿಗ್ಯಾಗ ಏನು?”

“ಅದನ್ನ ಹೇಳಾಕ ಬರಂಗಿಲ್ರಿ.”

ಹಿರಿಯರು ಸುತ್ತ ಕುಳಿತವರ ಮುಖ ನೋಡಿದರು. “ಹಂಗಂದ್ರ ಕಿರಾಣಿ ಅಂಗಡಿ ಅನ್ನು. ಅದಕ್ಕ ಇಷ್ಟು ದೂರ ಹೋಗಬೇಕಿತ್ತೇನು? ಇಲ್ಲೇ ಇಡಬಹುದಿತ್ತಲ್ಲ!”

ಭಾವ ನಕ್ಕು ಸುಮ್ಮನಾದ. ಯುದ್ಧದ ಹಡಗುಗಳು ತಿಂಗಳುಗಟ್ಟಲೆ ಸಮುದ್ರದಲ್ಲೇ ಇರಬೇಕಾದರೆ ಅವುಗಳಿಗೆ ಎಣ್ಣೆ, ಅನ್ನ, ಗುಂಡು ಎಲ್ಲವನ್ನೂ ಯಾರಾದರೂ ನಡುನೀರಿಗೇ ಒಯ್ದು ಮುಟ್ಟಿಸಬೇಕು. ಇಲ್ಲವಾದರೆ ಅವು ಬಂದರಿಗೂ ಸಮುದ್ರಕ್ಕೂ ಅಡ್ಡಾಡುತ್ತಲೇ ಇರಬೇಕಾಗುತ್ತದೆ ಎಂದು ವಿವರಿಸಲು ಅವನಿಗೆ ಬರುತ್ತಿತ್ತು. ವಿವರಿಸಲಿಲ್ಲ. ಅವನ ಸ್ವಭಾವವೇ ಹಾಗೆ: ಕೇಳಿದ್ದಕ್ಕೆ ಅರ್ಧ ಉತ್ತರ, ಕೇಳದ್ದಕ್ಕೆ ಮೌನ. ಅರ್ಧ ಉತ್ತರ ಕೊಡುವವನ ಉಳಿದರ್ಧವನ್ನು ನಮ್ಮ ಕಡೆ ಊರೇ ತುಂಬುತ್ತದೆ. ಊರಿಗೆ ಸಾಲದ್ದನ್ನು ನಾನು ತುಂಬಿದೆ. ಆ ವರ್ಷದ ಗಣಪತಿ ಮುಂದೆ ನನ್ನ ಹೊಸ ಪಾತ್ರ ಇಳಿಯಿತು: ಉಳ್ಳಾಗಡ್ಡಿ ಅಡ್ಮಿರಲ್. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ತಕ್ಕಡಿ, ಮೂಗಿನಲ್ಲಿ ಮಾತು. “ಶತ್ರು ಎಲ್ಲಿ ಅದಾನ? ಹೇಳಾಕ ಬರಂಗಿಲ್ಲ. ಬಟಾಟಿ ಎಲ್ಲಿ ಐತಿ? ಅದೂ ಹೇಳಾಕ ಬರಂಗಿಲ್ಲ!” ಜನ ಬಿದ್ದು ಬಿದ್ದು ನಕ್ಕರು. ಅತ್ತೆಯೂ ನಕ್ಕಳು. ಅದು ತನ್ನ ಮಗನೆಂದು ಅವಳಿಗೆ ತಿಳಿಯಲಿಲ್ಲವೋ, ತಿಳಿದೂ ನಕ್ಕಳೋ, ಇವತ್ತಿಗೂ ನನಗೆ ಗುಮಾನಿ ಇದೆ.

ಹೋದ ವರ್ಷ ಭಾವನಿಗೆ ಮುದ್ದೇಬಿಹಾಳದ ಕಡೆಯ ಸಂಬಂಧ ಬಂತು. ಹುಡುಗಿ ಆಲಮಟ್ಟಿಯಲ್ಲಿ ಅಣೆಕಟ್ಟೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ತಂದೆ ಇಲ್ಲ. ತಾಯಿ ಇದ್ದಾರೆ, ಆದರೆ ಮಾತು ಸೋದರಮಾವನದು. ಆ ಮಾವ ಇಂಡಿ ಪಟ್ಟಣದಲ್ಲಿ ಲಿಂಬೆಹಣ್ಣಿನ ವ್ಯಾಪಾರಿ. ಒಂದು ರಜೆಯಲ್ಲಿ ಭಾವ ಮುದ್ದೇಬಿಹಾಳಕ್ಕೆ ಹೋಗಿ ಹುಡುಗಿಯನ್ನು ನೋಡಿ ಬಂದ. ಆ ದಿನ ಸೋದರಮಾವ ಮಾಲಿನ ಜೊತೆ ದೂರದ ಪೇಟೆಗೆ ಹೋಗಿದ್ದರಂತೆ. ಹುಡುಗ–ಹುಡುಗಿ ಇಬ್ಬರಿಗೂ ಒಪ್ಪಿಗೆಯಾಯಿತು. ಮುಂದಿನ ರಜೆಯಲ್ಲಿ ಮಾವನೂ ಇದ್ದಾಗ ನಿಶ್ಚಿತಾರ್ಥದ ದಿನ ಗೊತ್ತು ಮಾಡುವುದೆಂದು ಮಾತಾಯಿತು. ಭಾವ ವಾಪಸು ಹೋಗುವಾಗ ನನ್ನ ಅಂಗಡಿಗೆ ಬಂದು, ಹೊಸ ಫೋನಿಗೆ ಗಾಜಿನ ಹಾಳೆ ಹಚ್ಚಿಸಿಕೊಂಡು, “ಈ ಹುಡುಗಿ ಬಿಟ್ರ ನಾ ಬ್ಯಾರೆ ನೋಡೂದಿಲ್ಲೋ” ಎಂದ. ಅವನು ಬಾಯಿಬಿಟ್ಟು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಗಡಿಯಲ್ಲಿ ಗದ್ದಲ ಎದ್ದಿತು. ಟೀವಿ ತುಂಬ ನಕಾಶೆ, ಬಾಣದ ಗುರುತು, ಸೈರನ್ನು. ಭಾವನ ರಜೆ ರದ್ದಾಯಿತು. ಒಂದು ಸಂಜೆ ಅವನು ಅತ್ತೆಗೆ ಫೋನ್ ಮಾಡಿ, “ಇನ್ನ ಫೋನ್ ಹತ್ತಂಗಿಲ್ಲ, ಅಂಜಬ್ಯಾಡ” ಎಂದಷ್ಟೇ ಹೇಳಿದ. ಮರುದಿನದಿಂದ ಫೋನು ಬಂದ್. ವಾರವಾಯಿತು, ಎರಡು ವಾರವಾಯಿತು. ಅತ್ತೆಯ ತಲೆಯಲ್ಲಿ ಗುಮಾನಿಗಳು ಒಂದರ ಹಿಂದೆ ಒಂದು ಎದ್ದವು. ಮೊದಲು ಜೀವದ ಭಯ. ಅದನ್ನು ಹೊರಗೆ ಆಡಬಾರದೆಂದು ಬೇರೆ ಬೇರೆ ಹೆಸರಿನ ಭಯ. ನಮ್ಮದು ತತ್ತಿಯನ್ನೂ ಹೊಸ್ತಿಲ ಒಳಗೆ ಬಿಡದ ಮನೆತನ. ಒಂದು ದಿನ ನನ್ನನ್ನು ಕರೆದು ಪಿಸುಗುಟ್ಟಿದಳು:

“ಹಡಗಿನ್ಯಾಗ ಹಿಟ್ಟು ತೀರಿದ್ರ ಏನ್ ತಿಂತಾರೋ?”

“ಹಿಟ್ಟಿನ ಹಡಗನ ಅವನ್ದು. ತೀರೂದು ಹ್ಯಾಂಗ?”

“ಸುತ್ತ ಮೀನ ಇರ್ತಾವಲ್ಲೋ...”

ಯುದ್ಧದ ಸುದ್ದಿಯ ನಡುವೆ ಮೀನಿನ ಗುಮಾನಿ! ನಾನು ಅತ್ತೆಯ ಆ ಪಿಸುಮಾತನ್ನೂ ಕಲಿತುಕೊಂಡೆ. ನನ್ನ ಬುದ್ಧಿ ಅಷ್ಟೇ.

ಇಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ನನ್ನ ಪಕ್ಕ ಒಬ್ಬರು ಕುಳಿತರು. ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ದೊಡ್ಡ ಕೈ. ಚಹಾ ಅರ್ಧವಾದ ಮೇಲೆ ಗೋಡೆಗೆ ಹೇಳಿದ ಹಾಗೆ, “ಕನ್ನೊಳ್ಳ್ಯಾಗ ಯಾರೋ ನೇವಿ ಹುಡುಗ ಅದಾನಂತಲ್ರಿ?” ಎಂದರು.

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಬೇಕು. ಹೆಣ್ಣು ಕೊಡುವ ಮೊದಲು ಹುಡುಗನ ಮನೆಯಲ್ಲಿ ಏನು ಕೇಳಿದರೂ ಅದು ಕೇಳಿದ್ದಲ್ಲ. ನಿಜವಾದ ವಿಚಾರಣೆ ನಡೆಯುವುದು ಚಹಾ ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ, ಹಿಟ್ಟಿನ ಗಿರಣಿಯ ಸಾಲಿನಲ್ಲಿ. ಹುಡುಗಿಯ ಕಡೆಯವರು ಗುರುತಿಲ್ಲದ ಒಬ್ಬನನ್ನು ಕಳಿಸುತ್ತಾರೆ. ಅವನು ಊರಿಗೆ ಬೇರೆ ಕೆಲಸಕ್ಕೆ ಬಂದವನಂತೆ ಕುಳಿತು, ಬೇರೆ ಮಾತಿನ ನಡುವೆ ಒಂದು ಪ್ರಶ್ನೆ ಜಾರಿಸುತ್ತಾನೆ. ಇದು ಸಿಂದಗಿಯ ಕೋಳಿಗೂ ಗೊತ್ತು. ಅದಕ್ಕೇ ಅಪರಿಚಿತನೊಬ್ಬ ಯಾರ ಬಗ್ಗೆಯಾದರೂ ಕೇಳಿದರೆ ಜನ ಎಚ್ಚರವಾಗುತ್ತಾರೆ. “ಚಲೋ ಮನಿತನ್ರಿ” ಎಂದಷ್ಟೇ ಹೇಳಿ ಚಹಾ ಊದುತ್ತಾರೆ. ಊರಿನ ನೂರು ಜನರ ಕೆಮ್ಮು ಗುರುತಿಸುವ ನಾನು ಆ ಒಂದು ಪ್ರಶ್ನೆಯನ್ನು ಗುರುತಿಸಲಿಲ್ಲ. ನನಗೆ ಕಂಡದ್ದು ಒಬ್ಬ ಪ್ರೇಕ್ಷಕ.

“ಯಾರು, ಉಳ್ಳಾಗಡ್ಡಿ ಅಡ್ಮಿರಲ್ರೇ?” ಎಂದು ಶುರು ಮಾಡಿದೆ. ತಕ್ಕಡಿ ಹಿಡಿದೆ. ಮೂಗಿನಲ್ಲಿ ಮಾತಾಡಿದೆ. ಅತ್ತೆ ಫೋನ್ ಮಾಡುವುದು, ಭಾವ ಎಲ್ಲಿದ್ದೇನೆಂದು ಹೇಳದಿರುವುದು, ಏನು ಉಂಡೆನೆಂದು ಹೇಳದಿರುವುದು, ಕೊನೆಗೆ ಹೊಸದಾಗಿ ಕಲಿತ ಆ ಮೀನಿನ ಪಿಸುಮಾತು, ಎಲ್ಲ ಹೊರಬಂತು. ಚಹಾದವನು ಸೋಸುವುದನ್ನು ಬಿಟ್ಟು ನಕ್ಕ. ಬಿಳಿ ಟೊಪ್ಪಿಗೆಯವರು ಕಣ್ಣೊರೆಸಿಕೊಂಡು ನಕ್ಕರು. “ಭಾಳ ಚಲೋ ಮಾಡ್ತೀರಿ. ನಿಮಗ ಹ್ಯಾಂಗ ಗೊತ್ತು ಇಷ್ಟೆಲ್ಲಾ?” ಎಂದರು.

“ನಮ್ಮ ಅತ್ತಿ ಮಗನ ಅಲ್ಲೇನ್ರಿ ಆಂವಾ!” ಎಂದೆ, ಹೆಮ್ಮೆಯಿಂದ.

ಅವರು ನಗುವುದನ್ನು ನಿಲ್ಲಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ನಾನು ಇನ್ನೊಂದು ಚಹಾ ಹೇಳಿದೆ.

ನಾಲ್ಕು ದಿನಕ್ಕೆ ಇಂಡಿಯಿಂದ ಮಾತು ಬಂತು: “ಸ್ವಲ್ಪ ತಡೀರಿ.” ನಮ್ಮ ಕಡೆ ಮದುವೆಯ ಮಾತಿನಲ್ಲಿ ‘ಸ್ವಲ್ಪ ತಡೀರಿ’ ಎಂದರೆ ‘ಇಲ್ಲ’ ಎಂಬುದರ ಮರ್ಯಾದೆಯ ಅಂಗಿ. ಅತ್ತೆ ಗಾಬರಿಯಾಗಿ ಹುಡುಗಿಯ ತಾಯಿಗೆ ಫೋನ್ ಮಾಡಿದಳು. ಆ ತಾಯಿ ಮುಚ್ಚುಮರೆಯಿಲ್ಲದೆ ಹೇಳಿದರಂತೆ: ಹುಡುಗ ಖರೇನೇ ನೌಕಾಪಡೆಯಲ್ಲಿ ಇದ್ದಾನೋ ಇಲ್ಲವೋ ಎಂದು ತಮ್ಮ ಅಣ್ಣನಿಗೆ ಸಂಶಯ, ಉಳ್ಳಾಗಡ್ಡಿ ಮಾರುವ ನೌಕಾಪಡೆ ಎಲ್ಲಿರುತ್ತದೆ, ಫೋನ್ ಬಂದ್ ಇರುವುದು ಹಡಗಿನಲ್ಲೋ, ಇನ್ನೊಬ್ಬಳ ಮನೆಯಲ್ಲೋ, ಸಿಂದಗಿಯಲ್ಲಿ ಹುಡುಗನ ಸ್ವಂತ ಸಂಬಂಧಿಕರೇ ಅವನನ್ನು ಆಡಿಕೊಂಡು ನಗುತ್ತಾರೆ.

ಅತ್ತೆ ಮರುದಿನವೇ ಬಸ್ಸು ಹತ್ತಿ ಅಂಗಡಿಗೆ ಬಂದಳು. ಮುಖ ಸಣ್ಣದಾಗಿತ್ತು. “ಯಾವನೋ ಹೊಟ್ಟಿಕಿಚ್ಚಿನಾಂವ ಕಡ್ಡಿ ಆಡ್ಸ್ಯಾನ. ನಿನಗ ಎಲ್ಲಾರ ಬಾಯಿ ಗೊತ್ತು. ಯಾರಂತ ಹುಡುಕಿ ಕೊಡು. ಅವನ ನಾಲಿಗಿ ಸೀಳ್ತೇನಿ,” ಎಂದಳು.

ಹೀಗೆ ಕಳ್ಳನ ಕೈಗೇ ತನಿಖೆ ಬಂತು. “ಹುಡುಕೂಣು ಅತ್ತಿ,” ಎಂದೆ. ಆ ಧ್ವನಿ ಯಾರದ್ದೋ ಗೊತ್ತಿಲ್ಲ, ನನ್ನದಂತೂ ಅಲ್ಲ. ಎರಡು ದಿನ ಊರಲ್ಲಿ ಗಂಭೀರವಾಗಿ ತಿರುಗಿದೆ. ಗಿರಣಿಯವನನ್ನು ಕೇಳಿದೆ, ಚಹಾದವನ ಕಡೆಗೆ ಕಣ್ಣು ಕೆಂಪು ಮಾಡಿ ಬಾಯಿ ಮುಚ್ಚಿಸಿದೆ. ಕೊನೆಗೆ ಅತ್ತೆಯ ಮುಂದೆ, “ಕ್ಷೌರದವನ ಮ್ಯಾಲ ನನಗ ಸ್ವಲ್ಪ ಡೌಟು” ಎಂದೂ ಹೇಳಿಬಿಟ್ಟೆ. ಆಮೇಲೆ ಎಷ್ಟೋ ದಿನ ಆ ಮನುಷ್ಯನ ಕುರ್ಚಿಯಲ್ಲಿ ಕುತ್ತಿಗೆ ಕೊಟ್ಟು ಕೂರಲು ನನಗೆ ಧೈರ್ಯವಾಗಲಿಲ್ಲ, ಗಡ್ಡ ಬೆಳೆಯಿತು. ಜನ ಅದನ್ನು ಪ್ರೇಮವೈಫಲ್ಯ ಎಂದುಕೊಂಡರು. ಇರಲಿ, ಅದರಲ್ಲಾದರೂ ಸ್ವಲ್ಪ ಮರ್ಯಾದೆ ಇತ್ತು.

ಒಂದು ಮಾತು ಬರೆಯಲೇಬೇಕು. ಆ ದಿನಗಳಲ್ಲಿ ನನಗೂ ಭಾವನ ಮೇಲೆ ಗುಮಾನಿ ಹುಟ್ಟಿತ್ತು. ಹಿಟ್ಟು ಹೊರುವ ಹಡಗಿಗೆ ಏತಕ್ಕೆ ಇಷ್ಟು ಗುಟ್ಟು? ಯುದ್ಧ ಮಾಡುವವರು ಬೇರೆ, ಇವನು ತೂಗಿ ಕೊಡುವವನು. ತೂಗುವವನ ಫೋನೂ ಬಂದ್ ಯಾಕೆ? ಅವನು ಸುಳ್ಳನಾದರೆ ‘ಅವನ್ನ ನೋಡಿ ಕಲಿ’ ಎಂದವರಿಗೆಲ್ಲ ಒಂದು ಉತ್ತರ ಸಿಕ್ಕೀತು ಎಂಬ ಆಸೆ ನನ್ನೊಳಗೆ ಎಲ್ಲೋ ಚಪ್ಪಾಳೆ ತಟ್ಟುತ್ತಿತ್ತು. ಅದು ಕೇಳಿಸಿದಾಗ ನನಗೇ ನಾಚಿಕೆಯಾಯಿತು. ನಾಚಿಕೆಯಲ್ಲಿ ಮನುಷ್ಯ ಮಾಡುವ ಕೆಲಸ ಯಾವತ್ತೂ ಚಲೋ ಆಗುವುದಿಲ್ಲ. ನಾನು ಎರಡನೆಯ ಕಲ್ಲು ಎತ್ತಿದೆ.

ಯೋಚನೆ ಸರಳವಾಗಿತ್ತು. ಹುಡುಗಿಯ ಮಾವ ಭಾವನ ಧ್ವನಿಯನ್ನು ಕೇಳಿಲ್ಲ. ಹಡಗಿನಿಂದ ಒಂದು ಫೋನ್ ಬಂದರೆ ಸಂಶಯ ಕರಗುತ್ತದೆ. ಭಾವನ ಧ್ವನಿ ನನ್ನ ಮೂಗಿನಲ್ಲಿ ಸಿದ್ಧವಾಗಿದೆ. ಸಮುದ್ರ ಮಾತ್ರ ಬೇಕಿತ್ತು. ಅವ್ವ ಹೊರಗೆ ಹೋದ ಹೊತ್ತು ನೋಡಿ ಮೊರದಲ್ಲಿ ಎರಡು ಸೇರು ಜೋಳ ಸುರಿದುಕೊಂಡೆ. ನಿಧಾನವಾಗಿ ಈ ಕಡೆಯಿಂದ ಆ ಕಡೆಗೆ ಕೇರಿದರೆ ತೆರೆ ಬಂದು ದಂಡೆಗೆ ಬಡಿದು ಹಿಂದೆ ಹೋದ ಹಾಗೇ ಕೇಳಿಸುತ್ತದೆ. ಎಡಗೈಯಲ್ಲಿ ಸಮುದ್ರ, ಬಲಗೈಯಲ್ಲಿ ಅಂಗಡಿಯ ಇನ್ನೊಂದು ಫೋನು.

“ಹಲೋ ಮಾಮಾರ... ನಾನ್ರಿ... ಹಡಗಿನ್ಯಾಗಿಂದ ಮಾತಾಡಾಕತ್ತೇನಿ.”

ನನ್ನದೇ ಸಮುದ್ರದ ಸಪ್ಪಳದಲ್ಲಿ ಆ ಕಡೆಯ ಧ್ವನಿ ಅರ್ಧಂಬರ್ಧ ಕೇಳಿಸಿತು. “ಎಲ್ಲಿ ಐತ್ರಿ ಹಡಗು?”

“ಹೇಳಾಕ ಬರಂಗಿಲ್ರಿ.”

“ಬರೋಬ್ಬರಿ. ಫೋನ್ ಯಾಕ ಬಂದ್ ಇತ್ತು?”

“ಅದೂ ಹೇಳಾಕ ಬರಂಗಿಲ್ರಿ. ಜೋರ ಗಾಳಿ ಐತ್ರಿ ಇಲ್ಲೆ,” ಎಂದು ಮೊರವನ್ನು ಜೋರು ಮಾಡಿದೆ.

“ಕೇಳಾಕತ್ತೈತಿ, ಕೇಳಾಕತ್ತೈತಿ. ಒಂದು ಮಾತು ಹೇಳ್ರಿ. ನಾನೂ ಲಾರಿ ಹೇರಾಂವ, ನೀವೂ ಮಾಲು ಹೇರಾವ್ರು. ಸಮುದ್ರದಾಗ ನಾಕು ಹಡಗಿಗೆ ಮಾಲು ಕೊಡೂದೈತಿ ಅನ್ರಿ. ಮೊದಲ ಭೆಟ್ಟಿ ಆಗೂ ಹಡಗಿನ ಮಾಲು ಯಾವಾಗ ಹೇರ್ತೀರಿ?”

ಇದೇನು ದೊಡ್ಡ ಪ್ರಶ್ನೆ ಎನ್ನಿಸಿತು. “ಮೊದಲ ಕೊಡೂದನ್ನ ಮೊದಲ ಹೇರ್ತೀವ್ರಿ. ಮಿಲಿಟ್ರಿ ಶಿಸ್ತು ನೋಡ್ರಿ.”

“ಶಾಬಾಷ್,” ಎಂದು ಅವರು ಫೋನಿಟ್ಟರು.

ಗೆದ್ದೆನೆಂದು ಕುಣಿದಾಡಿದೆ. ಅವ್ವ ಬಂದು ನೆಲದ ಮೇಲೆಲ್ಲ ಚೆಲ್ಲಿದ ಜೋಳ ನೋಡಿ, “ಇದೇನ್ ಹೊಸಾ ನಕಲೋ?” ಎಂದಳು.

ಗಡಿಯ ಗದ್ದಲ ತಣ್ಣಗಾದ ಕೆಲವು ವಾರಕ್ಕೆ ಭಾವನಿಗೆ ಸಣ್ಣ ರಜೆ ಸಿಕ್ಕಿತು. ಕನ್ನೊಳ್ಳಿಗೆ ಹೋಗಿ ಅವನನ್ನು ನೋಡಿದೆ. ಬಹಳ ತೆಳ್ಳಗಾಗಿದ್ದ, ಕಣ್ಣಿನ ಕೆಳಗೆ ಕಪ್ಪು. ಇಂಡಿಯಿಂದ ಮಾತು ಬಂತು: ಹುಡುಗನನ್ನು ಕರೆದುಕೊಂಡು ಬಸವನ ಬಾಗೇವಾಡಿಗೆ ಬನ್ನಿ, ಅಲ್ಲಿ ನಮ್ಮ ಸಂಬಂಧಿಕರ ಮನೆಯಿದೆ, ಎರಡೂ ಕಡೆಗೆ ನಡುವಿನ ಊರಾಯಿತು, ಕುಳಿತು ಒಂದು ಮಾತು ಮುಗಿಸೋಣ. ‘ಮುಗಿಸೋಣ’ ಎಂಬ ಶಬ್ದ ಅತ್ತೆಗೆ ಹಿಡಿಸಲಿಲ್ಲ. ಜೊತೆಗೆ, “ಸಿಂದಗಿ ಹುಡುಗನೂ ಬರ್ಲಿ, ಆ ಸೋದರಮಾವನ ಮಗಾ” ಎಂದಿದ್ದರಂತೆ. ಅದು ನನಗೆ ಹಿಡಿಸಲಿಲ್ಲ.

ಅತ್ತೆ ಬಸ್ಸಿನಲ್ಲಿ ಹೋದಳು. ನಾನು ಮತ್ತು ಭಾವ ಬೈಕಿನಲ್ಲಿ. ದೇವರ ಹಿಪ್ಪರಗಿ ದಾಟುವ ತನಕ ಸುಮ್ಮನಿದ್ದೆ. ಆಮೇಲೆ ಹಿಂದೆ ಕುಳಿತ ಅವನ ಮುಖ ಕಾಣುವುದಿಲ್ಲವೆಂಬ ಧೈರ್ಯದ ಮೇಲೆ ಚಹಾ ಅಂಗಡಿಯ ಕತೆ ಒಪ್ಪಿಕೊಂಡೆ. ಫೋನಿನ ಕತೆ ನುಂಗಿಕೊಂಡೆ. ಬೈಕಿನ ಮೇಲಿಂದ ನೂಕುತ್ತಾನೇನೋ ಎಂದುಕೊಂಡೆ.

“ಮಾಡಿ ತೋರ್ಸು,” ಎಂದ.

“ಏನು?”

“ನನ್ನ ನಕಲು.”

ಗಾಳಿಗೆ ಎದುರಾಗಿ ಮೂಗಿನಲ್ಲಿ ನಾಲ್ಕು ಮಾತು ಆಡಿದೆ. ಅವನು ನಕ್ಕ. “ಅಷ್ಟು ಮೂಗಿನ್ಯಾಗ ಮಾತಾಡ್ತೇನೇನಲೇ ನಾ?” ಎಂದ. ಆಮೇಲೆ, “ಅಲ್ಲಿ ಒಂದಿಷ್ಟು ದಿನ ನಮ್ಮ ಹಡಗಿನ್ಯಾಗ ಯಾರೂ ನಕ್ಕಿರಲಿಲ್ಲ ನೋಡು. ನೀ ಇರಬೇಕಿತ್ತು,” ಎಂದ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಬಾಗೇವಾಡಿಯ ಆ ಮನೆಯ ಪಡಸಾಲೆಗೆ ಕಾಲಿಟ್ಟೆ. ಗೋಡೆಗೆ ಒರಗಿ ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ದೊಡ್ಡ ಕೈ. ಚಹಾ ಅಂಗಡಿಯ ನನ್ನ ಪ್ರೇಕ್ಷಕ! ಪದ್ಧತಿಯಂತೆ ಮೂರನೆಯವನನ್ನು ಕಳಿಸಬೇಕಾಗಿತ್ತು. ಹುಡುಗಿಯ ಸೋದರಮಾವನೇ ಅವರು; ಯಾರನ್ನೂ ನಂಬದೆ ತಾವೇ ಸಿಂದಗಿಗೆ ಬಂದಿದ್ದರು. “ಬರ್ರಿ ಕಲಾವಿದರ, ಬರ್ರಿ,” ಎಂದು ನನಗೆ ತಮ್ಮ ಎದುರಿಗೇ ಜಾಗ ತೋರಿಸಿದರು. ಅತ್ತೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಕ್ಷೌರದವನು ಬಿಡುಗಡೆಯಾದ.

ಹುಡುಗಿ ತಾಯಿಯ ಪಕ್ಕ ಕುಳಿತಿದ್ದಳು, ಮಡಿಲಲ್ಲಿ ಫೋನು, ಮುಖದಲ್ಲಿ ಕಚೇರಿಯ ಗಾಂಭೀರ್ಯ. ಲಿಂಬೆಯ ಪಾನಕ ಬಂತು. ಎಲ್ಲರೂ ಕುಡಿದರು. ಮಾವ ಕುಡಿಯಲಿಲ್ಲ.

“ತಮ್ಮಾ,” ಎಂದರು ಭಾವನಿಗೆ, “ಯುದ್ಧದ ದಿನದಾಗ ನನಗ ಫೋನ್ ಮಾಡಿದ್ರಿ. ನೆನಪೈತೇನು?”

“ಇಲ್ರಿ. ನಾ ಮಾಡಿಲ್ಲ.”

“ಖರೇ?”

“ಖರೇನ್ರಿ. ಆ ದಿನದಾಗ ನಮ್ಮ ಅವ್ವಗೂ ಮಾಡಿಲ್ಲ.”

“ಹಂಗಾರ ಯಾರು ಮಾಡಿದ್ರು?” ಮಾವ ಭಾವನನ್ನು ಕೇಳಿದರು, ನೋಡಿದ್ದು ನನ್ನನ್ನು. “ನಾ ಹುಟ್ಟಿದ್ದು ಜ್ವಾಳದ ಕಣದಾಗ. ಸಮುದ್ರ ನೋಡಿಲ್ಲ ಖರೇ; ಆದ್ರ ಮೊರದಾಗ ಜ್ವಾಳ ಕೇರೂ ಸಪ್ಪಳ ಗೊತ್ತಾಗಂಗಿಲ್ಲೇನು ನನಗ?”

ನಾನು ಎಲ್ಲ ಒಪ್ಪಿಕೊಂಡೆ. ನನ್ನದೇ ಧ್ವನಿಯಲ್ಲಿ, ಅದು ಬಹಳ ಸಣ್ಣದೆಂದು ಆ ದಿನ ಗೊತ್ತಾಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ನನ್ನ ಕಡೆಗೆ ತಿರುಗಲೇ ಇಲ್ಲ.

“ಫೋನಿನ್ಯಾಗ ಒಂದು ಪ್ರಶ್ನಿ ಕೇಳಿದ್ದೆ,” ಎಂದರು ಮಾವ. “ಉತ್ತರಾ ತಪ್ಪು ಬಂತು. ಆಗ ಎರಡು ಅನಿಸ್ತು. ಒಂದು, ಫೋನ್ ಮಾಡ್ದಾಂವ ನಕಲಿ. ಎರಡು, ನಕಲಿ ಫೋನ್ ಮಾಡಸೂ ಮನಿತನ ಏನೋ ಮುಚ್ಚತೈತಿ. ಈಗ ನೀವ ಹೇಳ್ರಿ. ಮೊದಲ ಕೊಡೂ ಮಾಲು ಯಾವಾಗ ಹೇರ್ತೀರಿ?”

“ಕಡೀಕ್ರಿ,” ಎಂದ ಭಾವ. “ಮೊದಲ ಇಳಿಯೂದು ಬಾಗಲದ ಬಾಜೂಕ ಇರಬೇಕು. ಮೊದಲ ಹೇರಿದ್ದು ತಳಕ್ಕ ಹೋಗತೈತಿ, ಅದು ಕಡೀಗೆ ಇಳೀತೈತಿ.”

“ಇದು ನನ್ನ ಲಾರಿ ಹುಡುಗರಿಗೂ ಗೊತ್ತೈತಿ. ನಾ ಹಸರು ಕಾಯಿ ಒಳಗ ಹಾಕಸ್ತೇನಿ, ಅದು ದೂರ ಹೋಗತೈತಿ. ಹಣ್ಣು ಬಾಗಲದಾಗ, ಅದು ಸನೇದ ಪೇಟೀಗೆ. ಹಡಗಿನಾಂವ ಅನ್ನಾಕ ಇಷ್ಟ ಸಾಲೂದಿಲ್ಲ.”

ಭಾವ ಸ್ವಲ್ಪ ಹೊತ್ತು ಪಾನಕದ ಲೋಟ ನೋಡಿದ. ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂದು ತೂಗುತ್ತಿದ್ದನೆಂದು ಈಗ ನನಗೆ ಅನ್ನಿಸುತ್ತದೆ. “ನಿಮ್ಮ ಲಾರಿ ಎಲ್ಲೆ ನಿಂದರಬೇಕು ಅಂತ ಹೊಂಡೂ ಮೊದಲ ಗೊತ್ತಿರತೈತ್ರಿ,” ಎಂದ. “ಯುದ್ಧದಾಗ ನಮಗ ಗೊತ್ತಿರಂಗಿಲ್ಲ. ಯಾವ ಹಡಗು ಮೊದಲ ಬರತೈತೋ, ಯಾವುದಕ್ಕ ಏನು ತೀರಿರತೈತೋ. ಅದಕ ಎಲ್ಲಾ ಹಿಟ್ಟು ಒಂದ ಕಡೆ ಒಟ್ಟಂಗಿಲ್ಲ. ಎಲ್ಲಾ ಔಷಧ ಒಂದ ಕಡೆ ಇಡಂಗಿಲ್ಲ. ಯಾವ ಬಾಗಲಾ ತಗದ್ರೂ ಎಲ್ಲಾದರಾಗಿಂದ ಸ್ವಲ್ಪ ಸ್ವಲ್ಪ ಸಿಗಬೇಕು. ಒಂದು ಕಡೆ ಬೆಂಕಿ ಬಿದ್ರೂ ಉಳಿದ ಕಡೆ ಎಲ್ಲಾ ಇರಬೇಕು.”

“ಬೆಂಕಿ?”

“ನಮ್ಮ ಹಡಗಿನ ಹೊಟ್ಟಿ ತುಂಬಾ ಎಣ್ಣಿರಿ. ಮತ್ತ ಆ ಪೆಟ್ಟಿಗಿ. ತೋಪಿನ ಹಡಗಿಗೆ ಹೊಡದ್ರ ಒಂದು ಹಡಗು ಹೋಗತೈತಿ. ನಮಗ ಹೊಡದ್ರ ನಾಕು ಹಡಗು ಎಣ್ಣಿ ಇಲ್ಲದ ನಿಂದರತಾವ. ಅದಕ ಎದುರಿನವ್ರು ಹುಡುಕೂದು ನಮ್ಮಂಥಾ ಹಡಗನ್ನ.”

ಇದನ್ನು ಅವನು ಗೋಧಿಯ ಬಣ್ಣ ಹೇಳುವ ಹಾಗೆ ಹೇಳಿದ. ನನ್ನ ತಲೆಯ ಮೇಲೆ ಬುಟ್ಟಿ ಇದ್ದಂತೆ ಕುತ್ತಿಗೆ ಭಾರವಾಯಿತು. ಅತ್ತೆ ಮೊದಲ ಬಾರಿ ಮಗನ ಕೆಲಸ ಏನೆಂದು ಕೇಳುತ್ತಿದ್ದಳು. ಮೀನಿನ ಚಿಂತೆಯೇ ಸುಖವಾಗಿತ್ತು ಎಂಬಂತೆ ಅವಳ ಮುಖವಿತ್ತು.

“ಕೊಡೂದು ಹ್ಯಾಂಗ? ಸಮುದ್ರದಾಗ ನಿಂತು?” ಮಾವ ಈಗ ಮುಂದಕ್ಕೆ ಬಾಗಿದ್ದರು. ಸಂಶಯ ಹೋಗಿರಲಿಲ್ಲ, ಅದರ ಪಕ್ಕ ಕುತೂಹಲವೂ ಬಂದು ಕುಳಿತಿತ್ತು.

“ನಿಂದರಂಗಿಲ್ರಿ. ಎರಡೂ ಹಡಗು ಬಾಜೂ ಬಾಜೂ, ಒಂದ ವೇಗದಾಗ ಹೊಂಟಿರತಾವ. ನಡುವ ಹಗ್ಗ, ಹಗ್ಗದ ಮ್ಯಾಲ ತಂತಿ, ತಂತಿಗೆ ಎಣ್ಣೀ ಕೊಳವಿ. ತಾಸುಗಟ್ಟಲೆ. ಇಬ್ಬರಾಗ ಒಬ್ಬಾಂವ ಚುಕ್ಕಾಣಿ ತಪ್ಪಿದ್ರ ಎರಡೂ ಒಂದಕ್ಕೊಂದು ಬಡೀತಾವ. ಆ ಹೊತ್ತಿನ್ಯಾಗ ಓಡಿ ಹೋಗಾಕೂ ಬರಂಗಿಲ್ಲ, ತಿರಗಾಕೂ ಬರಂಗಿಲ್ಲ.” ಸ್ವಲ್ಪ ನಕ್ಕ. “ಒಮ್ಮೆ ಆ ಕಡೀಗೆ ಉಳ್ಳಾಗಡ್ಡಿ ಚೀಲ ಹೋದಾಗ ಅವರು ಚಪ್ಪಾಳಿ ಹೊಡದ್ರಿ. ವಾರದಿಂದ ಉಳ್ಳಾಗಡ್ಡಿ ಇದ್ದಿದ್ದಿಲ್ಲಂತ.”

ಯಾರೂ ನಗಲಿಲ್ಲ. ಮಾವ ತಮ್ಮ ದೊಡ್ಡ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡರು. “ಹೇರಿದ ಮಂದಿ ಮಾತು ಇದು. ಹಡಗಿನಾಂವ ಹೌದು,” ಎಂದರು. ಅತ್ತೆಯ ಮುಖ ಅರಳುವಷ್ಟರಲ್ಲಿ, “ಆದ್ರ ಇನ್ನೊಂದು ಉಳೀತು,” ಎಂದರು. “ಆ ಮೂರು ವಾರ ಎಲ್ಲಿದ್ರಿ?”

“ಹೇಳಾಕ ಬರಂಗಿಲ್ರಿ.”

“ಯುದ್ಧ ಮುಗೀತಲ್ಲ?”

“ಆದ್ರೂ ಬರಂಗಿಲ್ರಿ.”

“ಪೂರ್ವಕ್ಕೋ, ಪಶ್ಚಿಮಕ್ಕೋ? ಅಷ್ಟರ ಹೇಳ್ರಿ. ನಾವೇನು ವೈರಿಗಳೇನು?”

ಭಾವ ತಲೆಯಾಡಿಸಿದ. ಇಷ್ಟು ಹೊತ್ತು ಕಟ್ಟಿದ್ದೆಲ್ಲ ಈ ಒಂದು ಮಾತಿಗೆ ಕುಸಿಯುವುದು ನನಗೆ ಕಂಡಿತು. ನನ್ನ ಕೈ, ಕಾಲು, ಬುದ್ಧಿ ಎಲ್ಲವೂ ಸುಮ್ಮನಿರು ಎಂದವು. ಬಾಯಿ ಕೇಳಲಿಲ್ಲ. “ನಾ ಹೇಳ್ಲೇನ್ರಿ?” ಎಂದೆ. “ಅವನ ಬ್ಯಾಗಿಗೆ ರೈಲಿನ ಚೀಟಿ ಹಚ್ಚಿತ್ತು, ಯಾವ ಊರಿಂದು ಅಂತ ನಾ ನೋಡೇನಿ...”

ಭಾವ ನನ್ನತ್ತ ತಿರುಗಿದ. ಬೈಯಲಿಲ್ಲ. ಬರಿದೇ ನೋಡಿದ. ನಾನು ಹಲ್ಲು ಕಚ್ಚಿ ಸುಮ್ಮನಾದೆ.

ಮಾವ ನನ್ನನ್ನು ಬಿಟ್ಟು ಅವನನ್ನೇ ಹಿಡಿದರು. “ಮದುವಿ ಆದಮ್ಯಾಲೂ ಹಿ‌ಂಗ ಏನು? ಹೆಂಡ್ತಿ ಎಲ್ಲಿದ್ರಿ ಅಂದ್ರೂ ಹೇಳಾಕ ಬರಂಗಿಲ್ಲ ಅಂತೀರೇನು?”

“ಹೌದ್ರಿ,” ಎಂದ ಭಾವ. ಈ ಸಲ ಹುಡುಗಿಯನ್ನು ನೋಡಿಯೇ ಹೇಳಿದ. “ಮದುವಿ ಆದಮ್ಯಾಲೂ ಹಿಂಗ. ಸುಳ್ಳ ಹೇಳಿ ಕರಕೊಂಡು ಹೋಗೂದಿಲ್ಲ ನಾ.”

ಅತ್ತೆ ಕಣ್ಣು ಮುಚ್ಚಿದಳು. ಮಾವ ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟರು; ಎದ್ದು ಹೋಗುವ ಮುಂಚೆ ನಮ್ಮ ಕಡೆಯ ಹಿರಿಯರು ಮಾಡುವ ಹಾಗೆ. “ನೋಡವಾ,” ಎಂದರು ಸೋದರಸೊಸೆಯತ್ತ ತಿರುಗಿ, “ಹುಡುಗ ಚಲೋ ಅದಾನ, ನಾ ಅಲ್ಲ ಅನ್ನೂದಿಲ್ಲ. ಆದ್ರ ಎಲ್ಲಾ ಬಾಯಿಬಿಟ್ಟು ಹೇಳಲಾರದ ಗಂಡಸಿನ್ನ ನಂಬಿ ನಿನ್ನ ಹ್ಯಾಂಗ ಕೊಡ್ಲಿ ನಾ?”

ಹುಡುಗಿ ಅಷ್ಟು ಹೊತ್ತಿನಲ್ಲಿ ಒಂದೇ ಒಂದು ಮಾತಾಡಿರಲಿಲ್ಲ. ಈಗ ಫೋನನ್ನು ಚಾಪೆಯ ಮೇಲೆ ಬೋರಲು ಇಟ್ಟು, ಬೆರಳೆತ್ತಿ ನೇರವಾಗಿ ನನ್ನನ್ನು ತೋರಿಸಿದಳು.

“ಎಲ್ಲಾ ಬಾಯಿಬಿಟ್ಟು ಹೇಳೂ ಗಂಡಸು ಅಗೋ ಅಲ್ಲಿ ಕುಂತಾನ ನೋಡು ಮಾಮಾ, ಅವನ್ನ ಮಾಡ್ಕೊಳ್ಳಲೇನು?”